ಐಸಿಯುವಿನಲ್ಲಿ ಬುದ್ಧಿ ಕದಡಿದಾಗ

ತೀವ್ರ ನಿಗಾ ಘಟಕದ ಬಾಗಿಲಾಚೆ ಭೇಟಿಯ ಹೊತ್ತಿಗಾಗಿ ಕಾದು ಕುಳಿತ ಬಂಧುಗಳು ಹೃದಯಾಘಾತಕ್ಕೂ ಶ್ವಾಸಕೋಶದ ಸೋಂಕಿಗೂ ಹೇಗೋ ಮನಸ್ಸನ್ನು ಗಟ್ಟಿಮಾಡಿಕೊಂಡಿರುತ್ತಾರೆ. ಅವರನ್ನು ದಿಕ್ಕುಗೆಡಿಸುವ ಸಂಗತಿ ಬೇರೊಂದಿದೆ. ಜ್ವರ ಇಳಿಯಿತು, ರಕ್ತದೊತ್ತಡ ಸ್ಥಿಮಿತಕ್ಕೆ ಬಂದಿತು, ಇನ್ನೆರಡು ದಿನಗಳಲ್ಲಿ ವಾರ್ಡಿಗೆ ಕಳುಹಿಸಬಹುದು ಎಂದು ವೈದ್ಯರು ಭರವಸೆಯ ಮಾತನ್ನಾಡಿದ ಮರುದಿನವೇ, ಜನ್ಮದಲ್ಲಿ ಯಾರನ್ನೂ ಏಕವಚನದಿಂದ ಕರೆದರಿಯದ ವೃದ್ಧ ತಂದೆಯವರು ದಾದಿಯರನ್ನು ಬಾಯಿಗೆ ಬಂದಂತೆ ಬೈಯತೊಡಗುತ್ತಾರೆ. ಕೈಯ ನರಕ್ಕೆ ಚುಚ್ಚಿದ ಸೂಜಿಯನ್ನು ಕಿತ್ತೆಸೆಯುತ್ತಾರೆ. ಚಾವಣಿಯ ಮೇಲೆ ಹುಳುಗಳು ಹರಿಯುತ್ತಿವೆಯೆಂದೂ, ಇದು ಆಸ್ಪತ್ರೆಯಲ್ಲ ಸೆರೆಮನೆಯೆಂದೂ, ನಿನ್ನೆ ರಾತ್ರಿ ತಮಗೆ ವಿಷವಿಕ್ಕಲು ಜನ ಬಂದಿದ್ದರೆಂದೂ ಮಗನ ಕಿವಿಯಲ್ಲಿ ಉಸುರುತ್ತಾರೆ. ಮಗನು ಹೊರಗೆ ಬಂದು ತಾಯಿಗೆ ಏನು ಹೇಳಬೇಕೆಂದು ತೋರದೆ ನಿಲ್ಲುತ್ತಾನೆ. ತಲೆ ಕೆಟ್ಟಿತೆನ್ನುವವರುಂಟು, ಗಾಳಿ ಸೋಕಿತೆನ್ನುವವರುಂಟು, ಔಷಧದ ಉಷ್ಣ ನೆತ್ತಿಗೇರಿತೆಂದು ಸಮಾಧಾನ ಹೇಳುವವರೂ ಉಂಟು. ಬಹುಕಾಲದವರೆಗೆ ವೈದ್ಯರು ಕೂಡ ಇದಕ್ಕೆ ‘ಐಸಿಯು ಸೈಕೋಸಿಸ್’ ಎಂದು ಹೆಸರಿಟ್ಟು, ವಾರ್ಡಿಗೆ ಹೋದರೆ ತಾನಾಗಿ ಸರಿಹೋಗುವುದೆಂದು ಸುಮ್ಮನಾಗುತ್ತಿದ್ದರು.

ಇವುಗಳಲ್ಲಿ ಯಾವ ವಿವರಣೆಯೂ ನಿಲ್ಲತಕ್ಕದ್ದಲ್ಲ. ದೇಹದ ಮಹಾವ್ಯಾಧಿಗೂ ಆ ವ್ಯಾಧಿಗೆ ನಾವು ಮಾಡುವ ಚಿಕಿತ್ಸೆಗೂ ಒಟ್ಟಿಗೆ ಸಿಲುಕಿದ ಮಿದುಳು ಕೆಲಕಾಲ ತನ್ನ ಕಾರ್ಯದಲ್ಲಿ ಸೋತುಹೋಗುವ ಅವಸ್ಥೆ ಇದು. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ, ನಮ್ಮ ಮನೆಗಳಲ್ಲಿ ಹಿರಿಯರು ಸನ್ನಿ ಎನ್ನುತ್ತಿದ್ದರು. ನೋಡುವವರ ಕಣ್ಣಿಗೆ ಮೊದಲು ಬೀಳುವುದು ರೋಗಿಯ ಭ್ರಾಂತಿ ಮತ್ತು ಪ್ರಲಾಪಗಳಾದರೂ, ರೋಗದ ತಿರುಳು ಇರುವುದು ಅವಧಾನದ ಭಂಗದಲ್ಲಿ. ಮನಸ್ಸನ್ನು ಒಂದು ವಿಷಯದ ಮೇಲೆ ನಿಲ್ಲಿಸುವ, ಬೇಕಾದಾಗ ಅಲ್ಲಿಂದೆತ್ತಿ ಇನ್ನೊಂದರ ಮೇಲಿಡುವ ಶಕ್ತಿಯೇ ಕುಂದಿಹೋದಾಗ, ಕೇಳಿದ ಪ್ರಶ್ನೆ ಅರ್ಧದಲ್ಲಿ ಮರೆಯುತ್ತದೆ, ಕಂಡ ಮುಖ ಬೇರೆಯವರದಾಗುತ್ತದೆ, ಹಗಲು ಇರುಳುಗಳ ಲೆಕ್ಕ ತಪ್ಪುತ್ತದೆ. ಇದು ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬೆಳಗ್ಗೆ ತಿಳಿಯಾಗಿದ್ದ ಬುದ್ಧಿ ಸಂಜೆಗೆ ಕದಡಿ, ಮತ್ತೆ ನಡುರಾತ್ರಿಯಲ್ಲಿ ಒಂದು ಗಳಿಗೆ ತಿಳಿಯಾಗಬಹುದು. ವರ್ಷಗಟ್ಟಲೆ ಮೆಲ್ಲಮೆಲ್ಲನೆ ಆವರಿಸುವ ಮುಪ್ಪಿನ ಮರೆವಿನ ರೋಗಕ್ಕೂ ಇದಕ್ಕೂ ಇರುವ ಭೇದ ಈ ವೇಗದಲ್ಲಿಯೂ ಈ ಏರಿಳಿತದಲ್ಲಿಯೂ ಇದೆ. ಆದರೆ ಮರೆವಿನ ರೋಗ ಮೊದಲೇ ಇದ್ದವರನ್ನು ಸನ್ನಿಯು ಉಳಿದವರಿಗಿಂತ ಬೇಗ ಹಿಡಿಯುವುದೂ ನಿಜ.

ಸನ್ನಿಗೆ ಎರಡು ರೂಪಗಳಿವೆ. ಒಂದು, ಮೇಲೆ ಹೇಳಿದಂಥ ಕೂಗಾಟದ್ದು, ಕಿತ್ತಾಟದ್ದು. ಇದು ಎಲ್ಲರಿಗೂ ತಿಳಿಯುತ್ತದೆ. ಇನ್ನೊಂದು ಮೌನದ್ದು. ಇಂಥ ರೋಗಿಯು ಕಣ್ಣು ತೆರೆದಿದ್ದರೂ ನೋಡುವುದಿಲ್ಲ. ಕೂಗಿದರೆ ಒಮ್ಮೆ ತಿರುಗಿ ಮತ್ತೆ ಜೊಂಪಿಗಿಳಿಯುತ್ತಾನೆ. ಯಾರಿಗೂ ತೊಂದರೆ ಕೊಡುವುದಿಲ್ಲವಾಗಿ ‘ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ’ ಎಂಬ ಪ್ರಶಂಸೆಗೂ ಪಾತ್ರನಾಗುತ್ತಾನೆ. ಐಸಿಯುವಿನಲ್ಲಿ ಬರಿಯ ಕೂಗಾಟದ ಸನ್ನಿ ವಿರಳ. ಬಹುಪಾಲು ರೋಗಿಗಳಲ್ಲಿ ಇರುವುದು ಮೌನದ ಸನ್ನಿ, ಇಲ್ಲವೆ ಎರಡರ ಮಿಶ್ರಣ. ಸನ್ನಿಪಾತಜ್ವರದ ಲಕ್ಷಣಗಳನ್ನು ಎಣಿಸುವಾಗ ಚರಕಸಂಹಿತೆಯು ಪ್ರಲಾಪದೊಡನೆ ತಂದ್ರೆಯನ್ನೂ ಮೋಹವನ್ನೂ ಹೇಳಿರುವುದನ್ನು ನೋಡಿದರೆ, ಬಡಬಡಿಸುವವನೂ ಮಂಕಾಗಿ ಮಲಗಿದವನೂ ಒಂದೇ ವ್ಯಾಧಿಯ ವಶದಲ್ಲಿರಬಹುದೆಂಬುದನ್ನು ಪ್ರಾಚೀನರು ಗಮನಿಸಿದ್ದರೆನ್ನಬೇಕು. ಯಂತ್ರಗಳ ನಡುವೆ ನಿಂತ ಆಧುನಿಕ ವೈದ್ಯನಿಗೆ ಆ ಎರಡನೆಯವನು ಕಾಣದೆಹೋದದ್ದು ಹೇಗೆಂಬುದನ್ನು ತಿಳಿಯಬೇಕಾದರೆ, ತೀವ್ರ ನಿಗಾ ಘಟಕವೆಂಬ ಸಂಸ್ಥೆಯ ಚರಿತ್ರೆಯನ್ನು ತುಸು ನೋಡಬೇಕು.

1952ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರವನ್ನು ಪೋಲಿಯೊ ಮಾರಿ ಹೊಕ್ಕಾಗ, ಬ್ಲೆಗ್ಡಾಮ್ ಆಸ್ಪತ್ರೆಗೆ ಬಂದ ರೋಗಿಗಳಲ್ಲಿ ಉಸಿರಾಟದ ಸ್ನಾಯುಗಳು ಸೋತವರು ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ಸಾಯುತ್ತಿದ್ದರು. ಬ್ಯೋರ್ನ್ ಇಪ್ಸೆನ್ ಎಂಬ ಅರಿವಳಿಕೆ ತಜ್ಞನು, ಕತ್ತಿನಲ್ಲಿ ರಂಧ್ರ ಮಾಡಿ ನಳಿಕೆಯನ್ನಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಗಾಳಿ ತುಂಬುವ ಉಪಾಯವನ್ನು ತೋರಿಸಿಕೊಟ್ಟನು. ಸಾಕಷ್ಟು ಯಂತ್ರಗಳಿಲ್ಲದ ಆ ಕಾಲದಲ್ಲಿ ಸುಮಾರು 1,500 ಮಂದಿ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳೂ ಹಾಸಿಗೆಯ ಪಕ್ಕದಲ್ಲಿ ಕುಳಿತು ಈ ಚೀಲಗಳನ್ನೊತ್ತಿದರು. ಸಾವಿನ ಪ್ರಮಾಣ ತೀವ್ರವಾಗಿ ಇಳಿಯಿತು. ಮರುವರ್ಷ ಇಪ್ಸೆನ್ ಅದೇ ನಗರದ ಕಮ್ಯೂನ್ ಆಸ್ಪತ್ರೆಯಲ್ಲಿ ತೆರೆದ ವಾರ್ಡನ್ನು ಜಗತ್ತಿನ ಮೊದಲ ತೀವ್ರ ನಿಗಾ ಘಟಕಗಳಲ್ಲೊಂದೆಂದು ಚರಿತ್ರಕಾರರು ಗಣಿಸುತ್ತಾರೆ. ಅಂದಿನ ರೋಗಿಗೆ ಪ್ರತಿಯೊಂದು ಉಸಿರನ್ನೂ ಒಬ್ಬ ಮನುಷ್ಯನು ಕೊಡುತ್ತಿದ್ದನು, ಮತ್ತು ಆ ಮನುಷ್ಯನು ಅವನ ಮುಖವನ್ನು ನೋಡುತ್ತಲೇ ಇರುತ್ತಿದ್ದನು.

ಮುಂದೆ ವೆಂಟಿಲೇಟರ್ ಯಂತ್ರಗಳು ಬಂದವು, ವಿದ್ಯಾರ್ಥಿಗಳು ಹಿಂದಿರುಗಿದರು. ಮೊದಮೊದಲಿನ ಯಂತ್ರಗಳು ರೋಗಿಯ ಉಸಿರಿನ ಲಯವನ್ನು ಅರಿಯದೆ ತಮ್ಮದೇ ಲಯದಲ್ಲಿ ಗಾಳಿ ನುಗ್ಗಿಸುತ್ತಿದ್ದುದರಿಂದ, ರೋಗಿಯು ಯಂತ್ರದೊಡನೆ ಹೋರಾಡದಂತೆ ಅವನಿಗೆ ಮಂಪರಿನ ಮದ್ದು ಕೊಡಬೇಕಾಗುತ್ತಿತ್ತು. ಯಂತ್ರಗಳು ಸುಧಾರಿಸಿ ರೋಗಿಯ ಉಸಿರಿಗೆ ಹೊಂದಿಕೊಳ್ಳಲು ಕಲಿತ ಮೇಲೂ ಮದ್ದಿನ ಪದ್ಧತಿ ಮಾತ್ರ ಹೋಗಲಿಲ್ಲ. ಗಂಟಲಲ್ಲಿ ನಳಿಕೆಯಿಟ್ಟುಕೊಂಡು ಎಚ್ಚರವಾಗಿರುವುದು ನರಕವಲ್ಲವೆ, ನಿದ್ರಿಸುತ್ತಿರುವವನಿಗೆ ನೋವಿಲ್ಲವಷ್ಟೆ ಎಂಬ ಕರುಣೆಯೇ ಆ ಪದ್ಧತಿಗೆ ಆಧಾರವಾಯಿತು. ದಿನಗಟ್ಟಲೆ, ವಾರಗಟ್ಟಲೆ ಲೊರಾಜೆಪಾಮ್, ಮಿಡಜೊಲಾಮ್ ಮೊದಲಾದ ಬೆಂಜೋಡಯಾಜೆಪೀನ್ ವರ್ಗದ ಔಷಧಗಳು ನರದೊಳಗೆ ಹನಿದವು. ಆದರೆ ಮಂಪರು ನಿದ್ರೆಯಲ್ಲ. ನಿದ್ರೆಯ ಸಹಜ ಘಟ್ಟಗಳೂ ಅವು ಮಿದುಳಿಗೆ ಮಾಡುವ ಉಪಕಾರವೂ ಮಂಪರಿನಲ್ಲಿ ಸಿಕ್ಕುವುದಿಲ್ಲ. ಮಲಗಿದಂತೆ ಕಾಣುವ ಆ ದೇಹದೊಳಗೆ ಬುದ್ಧಿಯು ಏನಾಗುತ್ತಿದೆಯೆಂದು ಕೇಳುವವರೂ ಇರಲಿಲ್ಲ, ಏಕೆಂದರೆ ಕೇಳಿದರೆ ಉತ್ತರಿಸಲು ರೋಗಿಯು ಎಚ್ಚರವಿರಲಿಲ್ಲ.

ಆ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದವರಲ್ಲಿ ಮುಖ್ಯರು ಅಮೆರಿಕದ ಟೆನೆಸ್ಸೀ ಪ್ರಾಂತದ ನ್ಯಾಶ್‌ವಿಲ್‌ನಲ್ಲಿರುವ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯ ವೆಸ್ ಈಲಿ ಮತ್ತು ಅವರ ಸಹೋದ್ಯೋಗಿಗಳು. ಮಾತನಾಡಲಾರದ, ಗಂಟಲಲ್ಲಿ ನಳಿಕೆಯಿರುವ ರೋಗಿಯ ಬುದ್ಧಿಯನ್ನು ಪರೀಕ್ಷಿಸುವುದು ಹೇಗೆಂಬುದು ಮೊದಲ ಸಮಸ್ಯೆಯಾಯಿತು. ಶ್ಯಾರನ್ ಇನೌಯೆ ಎಂಬ ವೈದ್ಯೆಯು 1990ರಲ್ಲಿ ಸಾಮಾನ್ಯ ವಾರ್ಡಿನ ರೋಗಿಗಳಿಗಾಗಿ ರೂಪಿಸಿದ್ದ ಒಂದು ಪರೀಕ್ಷಾಕ್ರಮವನ್ನು ಅವರು ಐಸಿಯುವಿಗೆ ಹೊಂದಿಸಿ, 2001ರಲ್ಲಿ ಪ್ರಕಟಿಸಿದರು. ಕ್ಯಾಮ್-ಐಸಿಯು ಎಂಬ ಹೆಸರಿನಿಂದ ಅದು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ದಾದಿಯು ರೋಗಿಯ ಕೈಯನ್ನು ಹಿಡಿದು ಹತ್ತು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾಳೆ. ಗೊತ್ತಾದ ಒಂದು ಅಕ್ಷರ ಕೇಳಿದಾಗಲೆಲ್ಲ ರೋಗಿಯು ಅವಳ ಕೈಯನ್ನು ಹಿಸುಕಬೇಕು. ಎರಡಕ್ಕಿಂತ ಹೆಚ್ಚು ತಪ್ಪುಗಳಾದರೆ ಅವಧಾನ ಕೆಟ್ಟಿದೆಯೆಂದು ಅರ್ಥ. ಬಳಿಕ, ಕಲ್ಲು ನೀರಿನ ಮೇಲೆ ತೇಲುವುದೆ, ಸಮುದ್ರದಲ್ಲಿ ಮೀನುಗಳುಂಟೆ ಎಂಬಂಥ, ಹೌದು ಅಥವಾ ಇಲ್ಲವೆಂದು ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆಗಳು. ಬುದ್ಧಿಯ ಸ್ಥಿತಿ ಹಠಾತ್ತನೆ ಬದಲಾಗಿದ್ದು ಅಥವಾ ಏರಿಳಿಯುತ್ತಿದ್ದು, ಅವಧಾನವೂ ಕೆಟ್ಟಿದ್ದು, ಅವುಗಳೊಡನೆ ಎಚ್ಚರದ ಮಟ್ಟದಲ್ಲಿ ವ್ಯತ್ಯಾಸವಾಗಲಿ ವಿಚಾರದಲ್ಲಿ ಅಸಂಬದ್ಧತೆಯಾಗಲಿ ಕಂಡುಬಂದರೆ ಅದು ಸನ್ನಿ. ಇಷ್ಟಕ್ಕೂ ಕೆಲವೇ ನಿಮಿಷಗಳು ಸಾಕು. ಯಂತ್ರವೂ ಬೇಡ, ರಕ್ತಪರೀಕ್ಷೆಯೂ ಬೇಡ.

ಹೀಗೆ ಹುಡುಕಹೊರಟಾಗ ಕಂಡದ್ದು ಆತಂಕಕರವಾಗಿತ್ತು. ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೆಂಟಿಲೇಟರಿನ ಆಶ್ರಯದಲ್ಲಿದ್ದ ರೋಗಿಗಳ ಪೈಕಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಸನ್ನಿಯಾಗಿದ್ದಿತು. ಸನ್ನಿಯಾದವರಲ್ಲಿ ಆರು ತಿಂಗಳೊಳಗೆ ತೀರಿಕೊಂಡವರು ಶೇಕಡ 34, ಆಗದವರಲ್ಲಿ ಶೇಕಡ 15. ರೋಗದ ಉಲ್ಬಣತೆಯೇ ಮೊದಲಾದ ಇತರ ಕಾರಣಗಳನ್ನು ಲೆಕ್ಕದಿಂದ ಕಳೆದರೂ ಈ ಅಂತರ ಅಳಿಯಲಿಲ್ಲ. ಬದುಕುಳಿದವರ ಗತಿಯೇನೆಂಬುದನ್ನು 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿತು. ಅದರಲ್ಲಿದ್ದ 821 ರೋಗಿಗಳಲ್ಲಿ ನಾಲ್ವರಿಗೆ ಮೂವರಂತೆ ಸನ್ನಿ ಬಂದಿತ್ತು. ಮನೆಗೆ ಹೋದ ಮೂರು ತಿಂಗಳ ಮೇಲೆ ಪರೀಕ್ಷಿಸಿದಾಗ ಶೇಕಡ 40 ಮಂದಿಯ ಬುದ್ಧಿಶಕ್ತಿಯು ತಲೆಗೆ ಮಧ್ಯಮ ಪ್ರಮಾಣದ ಪೆಟ್ಟು ಬಿದ್ದವರ ಮಟ್ಟದಲ್ಲಿಯೂ, ಶೇಕಡ 26 ಮಂದಿಯದು ಆಲ್ಜೈಮರ್ ರೋಗದ ಆರಂಭದ ಮಟ್ಟದಲ್ಲಿಯೂ ಇದ್ದಿತು. ಸನ್ನಿ ಹೆಚ್ಚು ದಿನ ಇದ್ದಷ್ಟೂ ಈ ನಷ್ಟ ಹೆಚ್ಚು. ಮತ್ತು ಇದು ಮುದುಕರಿಗಷ್ಟೇ ಮೀಸಲಾಗಿರಲಿಲ್ಲ, ಹರೆಯದವರಲ್ಲಿಯೂ ಕಂಡಿತು. ನಮ್ಮ ದೇಶದಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯವರು ತಮ್ಮ ಐಸಿಯುವಿನಲ್ಲಿ ನಡೆಸಿದ ಸಮೀಕ್ಷೆಯೂ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಸನ್ನಿಯನ್ನು ಕಂಡಿತು. ವಾರ್ಡಿಗೆ ಹೋದರೆ ಸರಿಹೋಗುತ್ತದೆಂಬ ಹಳೆಯ ಸಮಾಧಾನಕ್ಕೆ ಇನ್ನು ಆಧಾರವುಳಿಯಲಿಲ್ಲ.

ಸನ್ನಿಗೆ ಕಾರಣವು ಒಂದಲ್ಲ. ವಯಸ್ಸು, ಮೊದಲಿನಿಂದ ಇದ್ದ ಮರೆವು, ಮದ್ಯಪಾನದ ಅಭ್ಯಾಸ, ಮಂದವಾದ ಕಣ್ಣು ಕಿವಿಗಳು ರೋಗಿಯು ತನ್ನೊಡನೆ ತಂದ ದೌರ್ಬಲ್ಯಗಳು. ಇವುಗಳ ಮೇಲೆ ರೋಗದ ಹೊಡೆತ ಬೀಳುತ್ತದೆ: ರಕ್ತಕ್ಕೇರಿದ ಸೋಂಕು, ಆಮ್ಲಜನಕದ ಕೊರತೆ, ಸಕ್ಕರೆ ಮತ್ತು ಸೋಡಿಯಂಗಳ ಏರುಪೇರು, ಮೂತ್ರಪಿಂಡ ಯಕೃತ್ತುಗಳ ಸೋಲು. ದೇಹದಲ್ಲಿ ಎಲ್ಲಿಯೋ ಹೊತ್ತಿದ ಉರಿಯೂತದ ಪ್ರಭಾವ ಮಿದುಳನ್ನು ಮುಟ್ಟಿದಾಗ ಅಲ್ಲಿಯ ರಕ್ಷಕ ಕೋಶಗಳು ಕೆರಳುತ್ತವೆ. ಅವಧಾನಕ್ಕೆ ಬೇಕಾದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ತಗ್ಗಿ, ಡೋಪಮೀನ್ ಮಿತಿಮೀರುತ್ತದೆ ಎಂಬುದು ವಿಜ್ಞಾನಿಗಳ ಊಹೆ. ಈ ಎರಡರ ಮೇಲೆ ಮೂರನೆಯದಾಗಿ ನಾವು ಸೇರಿಸುವ ಹೊರೆ ಬರುತ್ತದೆ. ಅದು ಯಾವುದೆಂದರೆ, ಮಂಪರಿನ ಮದ್ದು, ಕಟ್ಟಿಹಾಕಿದ ಕೈಗಳು, ತೆಗೆಯಲು ಮರೆತ ಮೂತ್ರನಳಿಕೆ, ಗಮನಿಸದ ನೋವು, ಮಲಬದ್ಧತೆ, ರಾತ್ರಿಯೆಲ್ಲ ಉರಿಯುವ ದೀಪ, ಮೂರು ಮೂರು ನಿಮಿಷಕ್ಕೆ ಕಿರುಚುವ ಯಂತ್ರದ ಎಚ್ಚರಿಕೆ, ಕಿಟಕಿಯಿಲ್ಲದ ಗೋಡೆ, ಪರಿಚಿತ ಮುಖವಿಲ್ಲದ ದಿನ. ಮೊದಲ ಎರಡು ಹೊರೆಗಳನ್ನು ಇಳಿಸುವುದು ವೈದ್ಯನ ವಶದಲ್ಲಿ ಪೂರ್ತಿಯಾಗಿ ಇರದಿದ್ದರೂ ಮೂರನೆಯದನ್ನು ಹೊರಿಸಿದವರು ನಾವೇ ಆದಕಾರಣ ಅದನ್ನು ಇಳಿಸುವುದು ನಮ್ಮ ಕೈಯಲ್ಲಿಯೇ ಇದೆ. ಸನ್ನಿಯ ನಿವಾರಣೆಯ ಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಆದರೆ ವೈದ್ಯಲೋಕವು ಈ ಮಾತಿಗೆ ಬರುವ ಮುನ್ನ, ಎಲ್ಲ ವ್ಯಾಧಿಗೂ ಮಾಡುವಂತೆ ಇದಕ್ಕೂ ಒಂದು ಮಾತ್ರೆಯನ್ನು ಹುಡುಕಿತು. ಬೆಲ್ಜಿಯಂನ ಪೌಲ್ ಜಾನ್ಸೆನ್ 1958ರಲ್ಲಿ ಕಂಡುಹಿಡಿದ, ಮಾನಸಿಕ ರೋಗಗಳಿಗೆಂದು ಬಳಕೆಗೆ ಬಂದ ಹ್ಯಾಲೊಪೆರಿಡಾಲ್ ಎಂಬ ಔಷಧವನ್ನು ದಶಕಗಳ ಕಾಲ ಸನ್ನಿಯ ರೋಗಿಗಳಿಗೆ ಕೊಟ್ಟದ್ದಾಯಿತು. ಅದು ನಿಜವಾಗಿ ಫಲಕಾರಿಯೆ ಎಂದು 16 ಅಮೆರಿಕನ್ ಆಸ್ಪತ್ರೆಗಳಲ್ಲಿ 566 ರೋಗಿಗಳ ಮೇಲೆ ಪರೀಕ್ಷಿಸಿ ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಔಷಧ ಪಡೆದವರಿಗೂ ಔಷಧವಿಲ್ಲದ ಹುಸಿಮದ್ದು ಪಡೆದವರಿಗೂ ಸನ್ನಿಯಿಲ್ಲದ ದಿನಗಳಲ್ಲಿ ಅಂತರವೇ ಕಾಣಲಿಲ್ಲ. ಸನ್ನಿ ಬರುವ ಮೊದಲೇ ಕೊಟ್ಟರೆ ತಡೆಯಬಹುದೋ ಎಂದು ನೆದರ್ಲೆಂಡ್ಸ್‌ನಲ್ಲಿ ಪರೀಕ್ಷಿಸಿದರು, ಪ್ರಯೋಜನವಾಗಲಿಲ್ಲ. ಮರೆವಿನ ರೋಗಕ್ಕೆ ಕೊಡುವ ರಿವಾಸ್ಟಿಗ್ಮಿನ್ ಔಷಧವನ್ನು ಅದೇ ದೇಶದಲ್ಲಿ ಪ್ರಯೋಗಿಸಿದಾಗ, ಅದನ್ನು ಪಡೆದವರಲ್ಲಿ ಸಾವು ಹೆಚ್ಚಾಗಿ ಪ್ರಯೋಗವನ್ನೇ ನಡುವಿನಲ್ಲಿ ನಿಲ್ಲಿಸಬೇಕಾಯಿತು. ರೋಗಿಯು ಭೀಕರ ಭ್ರಾಂತಿಗಳಿಂದ ನರಳುವಾಗಲೋ, ಜೀವಾಧಾರವಾದ ನಳಿಕೆಯನ್ನು ಕಿತ್ತುಕೊಳ್ಳುವ ಅಪಾಯವಿರುವಾಗಲೋ ಅಲ್ಪಕಾಲ ಇಂಥ ಔಷಧವನ್ನು ಕೊಡಬೇಕಾಗುವುದುಂಟು. ಸನ್ನಿಯನ್ನೇ ಗುಣಪಡಿಸುತ್ತದೆಂಬ ನಂಬಿಕೆಯಿಂದ ಕೊಡತಕ್ಕದ್ದಲ್ಲ.

ಔಷಧವನ್ನು ಸೇರಿಸುವುದರಿಂದ ಆಗದಿದ್ದುದು ಔಷಧವನ್ನು ಕಳೆಯುವುದರಿಂದ ಬಹಳಷ್ಟು ಆಯಿತು. ಷಿಕಾಗೊ ನಗರದಲ್ಲಿ ಜಾನ್ ಕ್ರೆಸ್ ಮತ್ತು ಸಂಗಡಿಗರು ಮಂಪರಿನ ಮದ್ದನ್ನು ಪ್ರತಿದಿನ ಒಮ್ಮೆ ಪೂರ್ತಿ ನಿಲ್ಲಿಸಿ ರೋಗಿಯನ್ನು ಎಚ್ಚರಗೊಳಿಸುವ ಸರಳ ಕ್ರಮವನ್ನು ಅನುಸರಿಸಿದರು. 2000ದಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವೆಂಟಿಲೇಟರಿನ ಮೇಲಿರುವ ಕಾಲ 7.3 ದಿನಗಳಿಂದ 4.9 ದಿನಗಳಿಗೆ ಇಳಿಯಿತು. ಮುಂದೆ ವ್ಯಾಂಡರ್‌ಬಿಲ್ಟ್‌ನವರು ಈ ದೈನಂದಿನ ಎಚ್ಚರದೊಡನೆ, ಯಂತ್ರದ ನೆರವಿಲ್ಲದೆ ಉಸಿರಾಡಬಲ್ಲನೆ ಎಂಬ ದೈನಂದಿನ ಪರೀಕ್ಷೆಯನ್ನೂ ಜೋಡಿಸಿ ನೋಡಿದಾಗ, ಹೀಗೆ ನೋಡಿಕೊಂಡ ಪ್ರತಿ ಏಳು ರೋಗಿಗಳಿಗೆ ಒಂದರಂತೆ ವರ್ಷಾಂತ್ಯದಲ್ಲಿ ಹೆಚ್ಚಿನ ಜೀವ ಉಳಿದಿತ್ತು. ಮದ್ದು ಬೇಕೇ ಆದವರಿಗೆ ಬೆಂಜೋಡಯಾಜೆಪೀನ್‌ಗಳನ್ನು ಬಿಟ್ಟು ಡೆಕ್ಸ್‌ಮೆಡಿಟೊಮಿಡಿನ್ ಕೊಟ್ಟಾಗ ಸನ್ನಿ ಕಡಮೆಯಾದದ್ದೂ ಕಂಡುಬಂದಿತು. ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು: ಮದ್ಯದ ಚಟವಿದ್ದವರಿಗೆ ಮದ್ಯ ಹಠಾತ್ತನೆ ನಿಂತಾಗ ಬರುವ ಸನ್ನಿಗೆ ಬೆಂಜೋಡಯಾಜೆಪೀನ್‌ಗಳೇ ಚಿಕಿತ್ಸೆ. ಆದುದರಿಂದಲೇ, ಮನೆಯ ಮಾನದ ಮಾತೆಂದು ಕುಡಿತದ ವಿಷಯವನ್ನು ವೈದ್ಯರಿಂದ ಮುಚ್ಚಿಡುವ ಬಂಧುಗಳು ರೋಗಿಗೆ ಅಪಕಾರವನ್ನೇ ಮಾಡುತ್ತಾರೆ.

ಎಚ್ಚರಗೊಂಡವನನ್ನು ಮಲಗಿಸಿಯೇ ಇಟ್ಟರೆ ಫಲವೇನು? 2009ರಲ್ಲಿ ಪ್ರಕಟವಾದ, ಷಿಕಾಗೊ ಮತ್ತು ಅಯೋವಾಗಳಲ್ಲಿ ನಡೆದ 104 ರೋಗಿಗಳ ಪ್ರಯೋಗದಲ್ಲಿ, ವೆಂಟಿಲೇಟರ್ ಹಾಕಿದ ಮೊದಲ ದಿನಗಳಿಂದಲೇ ಕೈಕಾಲುಗಳ ವ್ಯಾಯಾಮ, ಹಾಸಿಗೆಯ ಅಂಚಿಗೆ ಕೂರಿಸುವುದು, ನಿಲ್ಲಿಸುವುದು, ಸಾಧ್ಯವಾದರೆ ನಳಿಕೆಯ ಸಹಿತವೇ ನಡೆಸುವುದು, ಇವುಗಳನ್ನು ಮಾಡಿಸಿದರು. ಹೀಗೆ ನೋಡಿಕೊಂಡವರಲ್ಲಿ ಸನ್ನಿಯ ಅವಧಿ ನಾಲ್ಕು ದಿನಗಳಿಂದ ಎರಡಕ್ಕೆ ಇಳಿದದ್ದಲ್ಲದೆ, ಆಸ್ಪತ್ರೆಯಿಂದ ಹೊರಡುವಾಗ ಸ್ನಾನ, ಊಟ, ಉಡುಪುಗಳಿಗೆ ಪರರ ಹಂಗಿಲ್ಲದವರು ಶೇಕಡ 59ರಷ್ಟಿದ್ದರು. ಉಳಿದ ಗುಂಪಿನಲ್ಲಿ ಶೇಕಡ 35. ಇವೆಲ್ಲವನ್ನೂ ಒಂದು ದಿನಚರಿಯಾಗಿ ಕಟ್ಟಿ ಎ-ಬಿ-ಸಿ-ಡಿ-ಇ-ಎಫ್ ಎಂಬ ಆರು ಅಕ್ಷರಗಳ ಕ್ರಮವನ್ನು ರೂಪಿಸಿದ್ದಾರೆ: ನೋವನ್ನು ಅಳೆದು ಶಮನಗೊಳಿಸುವುದು; ದಿನವೂ ಎಚ್ಚರದ ಮತ್ತು ಉಸಿರಾಟದ ಪರೀಕ್ಷೆ; ಮಂಪರಿನ ಮದ್ದನ್ನು ವಿವೇಕದಿಂದ ಆರಿಸುವುದು; ಸನ್ನಿಯನ್ನು ಪ್ರತಿ ಪಾಳಿಯಲ್ಲಿ ಹುಡುಕುವುದು; ಬೇಗ ನಡೆದಾಡಿಸುವುದು; ಕುಟುಂಬವನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವುದು. ಹದಿನೈದು ಸಾವಿರಕ್ಕೂ ಮೇಲ್ಪಟ್ಟ ರೋಗಿಗಳ ಅನುಭವವನ್ನು ಕಲೆಹಾಕಿ ನೋಡಿದಾಗ, ಈ ಆರರಲ್ಲಿ ಹೆಚ್ಚು ಹೆಚ್ಚನ್ನು ಪಾಲಿಸಿದಂತೆಲ್ಲ ಸನ್ನಿಯೂ ಸಾವೂ ಕಡಮೆಯಾಗಿರುವುದು ಕಂಡಿತು.

ಇವುಗಳಿಗಿಂತಲೂ ಅಲ್ಪವಾಗಿ ತೋರುವ ಕೆಲವು ಉಪಾಯಗಳಿವೆ. ವೃದ್ಧರ ವಾರ್ಡುಗಳಿಗಾಗಿ ಇನೌಯೆ ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಕಾರ್ಯಕ್ರಮದಲ್ಲಿದ್ದುದು ಇಷ್ಟೆ: ರೋಗಿಗೆ ಅವನ ಕನ್ನಡಕವನ್ನೂ ಶ್ರವಣಯಂತ್ರವನ್ನೂ ಕೊಡುವುದು, ಇಂದು ಯಾವ ವಾರ, ಎಲ್ಲಿದ್ದೀರಿ ಎಂದು ದಿನವೂ ತಿಳಿಸುವುದು, ನೀರು ಕುಡಿಸುವುದು, ನಡೆಸುವುದು, ರಾತ್ರಿ ಮದ್ದಿಲ್ಲದೆ ನಿದ್ರೆ ಬರುವಂತೆ ಮಾಡುವುದು. 852 ರೋಗಿಗಳಲ್ಲಿ ಇದನ್ನು ಪರಿಶೀಲಿಸಿ 1999ರಲ್ಲಿ ವರದಿ ಮಾಡಿದಾಗ ಸನ್ನಿಯ ಪ್ರಮಾಣ ಶೇಕಡ 15ರಿಂದ 9.9ಕ್ಕೆ ಇಳಿದಿದ್ದಿತು. ಅದರಲ್ಲಿಯೂ ಗಮನಿಸತಕ್ಕ ಅಂಶವೆಂದರೆ, ಸನ್ನಿಯು ಒಮ್ಮೆ ಹಿಡಿದ ಮೇಲೆ ಅದರ ಉಗ್ರತೆಯನ್ನು ಈ ಉಪಾಯಗಳು ತಗ್ಗಿಸಲಿಲ್ಲ. ಅವುಗಳ ಶಕ್ತಿಯೆಲ್ಲ ತಡೆಯುವುದರಲ್ಲಿತ್ತು. ನಿದ್ರೆಯ ಮಾತಂತೂ ಐಸಿಯುವಿನಲ್ಲಿ ಪ್ರತ್ಯೇಕವಾಗಿಯೇ ಹೇಳಬೇಕಾದದ್ದು. ರಾತ್ರಿಯ ಹೊತ್ತು ವಾರ್ಡಿನ ಸದ್ದು 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐಸಿಯುಗಳಲ್ಲಿ ಅದು 50ಕ್ಕಿಂತ ಕೆಳಗಿಳಿಯುವುದೇ ಅಪೂರ್ವ. ದೀಪ ತಗ್ಗಿಸುವುದು, ಅವಸರವಲ್ಲದ ರಕ್ತಪರೀಕ್ಷೆ ಮತ್ತು ಸ್ನಾನಗಳನ್ನು ಬೆಳಗಿಗೆ ಮುಂದೂಡುವುದು, ಕಿವಿಗೆ ಬಿರಡೆ, ಕಣ್ಣಿಗೆ ಪಟ್ಟಿ, ಇವುಗಳಿಗೆ ತಗಲುವ ವೆಚ್ಚವು ಒಂದು ಚುಚ್ಚುಮದ್ದಿನ ಬೆಲೆಗೂ ಸಮನಾಗದು.

ಕುಟುಂಬದವರ ಸಾನ್ನಿಧ್ಯದಿಂದ ಸನ್ನಿ ದೂರವಾಗುವುದೆ? ಇಲ್ಲಿ ಉತ್ಸಾಹದಿಂದ ಸತ್ಯವನ್ನು ಮೀರಬಾರದು. ಬ್ರೆಜಿಲ್ ದೇಶದ 36 ಐಸಿಯುಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆಗಳವರೆಗೂ ಬಂಧುಗಳಿಗೆ ಪ್ರವೇಶ ಕೊಟ್ಟು ನಡೆಸಿದ, 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಬಂಧುಗಳ ಕಳವಳವೇನೋ ಕಡಮೆಯಾಯಿತು, ಆದರೆ ರೋಗಿಗಳ ಸನ್ನಿಯಲ್ಲಿ ಗಣನೀಯವಾದ ಇಳಿಕೆ ಕಾಣಲಿಲ್ಲ. ಕೋವಿಡ್ ಕಾಲದ ಅನುಭವವು ಬೇರೆಯದನ್ನು ಸೂಚಿಸಿತು. 14 ದೇಶಗಳ 69 ಐಸಿಯುಗಳಲ್ಲಿದ್ದ 2,088 ಕೋವಿಡ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ ಶೇಕಡ 55 ಮಂದಿಗೆ ಸನ್ನಿಯಾಗಿದ್ದಿತು. ಬೆಂಜೋಡಯಾಜೆಪೀನ್ ಪಡೆದವರಲ್ಲಿ ಅದು ಹೆಚ್ಚು, ಫೋನಿನ ಪರದೆಯ ಮೇಲಾದರೂ ಮನೆಯವರ ಮುಖ ಕಂಡವರಲ್ಲಿ ಕಡಮೆ. ಮೊದಲನೆಯದು ಯೋಜಿಸಿ ನಡೆಸಿದ ಪ್ರಯೋಗ, ಎರಡನೆಯದು ಬರಿಯ ವೀಕ್ಷಣೆ. ಆದಕಾರಣ ಸಾನ್ನಿಧ್ಯವೊಂದೇ ಸನ್ನಿಯನ್ನು ತಡೆಯುವುದೆಂದು ಹೇಳಲಾಗದು. ಮಂಪರಿನಲ್ಲಿ ಮುಳುಗಿದವನ ಪಕ್ಕದಲ್ಲಿ ಮಗಳು ಇಡೀ ದಿನ ಕುಳಿತರೂ ಅವನಿಗೆ ಅದು ತಲಪುವುದೆಂತು? ಎಚ್ಚರ, ಚಲನೆ, ನಿದ್ರೆ, ನೋವಿನ ಶಮನಗಳೊಡನೆ ಸೇರಿದಾಗಲೇ ಬಂಧುವಿನ ಮಾತಿಗೂ ಬಲ ಬರುತ್ತದೆ.

ನಮ್ಮ ನಾಡಿನ ಐಸಿಯುಗಳಲ್ಲಿ ಈ ಕ್ರಮವು ಸುಲಭವಲ್ಲವೆಂಬುದನ್ನು ಒಪ್ಪಲೇಬೇಕು. ಒಬ್ಬ ದಾದಿಗೆ ಹಲವು ರೋಗಿಗಳಿರುವಲ್ಲಿ, ಎಚ್ಚರವಾಗಿರುವ ರೋಗಿಯು ಹೆಚ್ಚಿನ ಕೆಲಸವೆನಿಸುತ್ತಾನೆ, ಮಂಪರಿನವನು ಕಡಮೆಯೆನಿಸುತ್ತಾನೆ. ಕೈ ಕಟ್ಟುವ ಬಟ್ಟೆಯು ಇಲ್ಲದ ಇನ್ನೊಬ್ಬ ದಾದಿಯ ಕೆಲಸವನ್ನು ಮಾಡುತ್ತದೆ. ಫಿಸಿಯೊಥೆರಪಿಯವರು ದಿನಕ್ಕೊಮ್ಮೆ ಬಂದು ಹೋದರೆ ಅದೇ ಹೆಚ್ಚು. ಆದರೆ ಶ್ರೀಮಂತ ದೇಶಗಳಿಗಿಲ್ಲದ ಒಂದು ಸಂಪತ್ತು ನಮಗಿದೆ. ಐಸಿಯುವಿನ ಹೊರಗೆ, ಮೆಟ್ಟಿಲುಗಳ ಮೇಲೆ, ಮರದ ನೆರಳಿನಲ್ಲಿ, ಚಾಪೆ ಫ್ಲಾಸ್ಕುಗಳೊಡನೆ ಹಗಲಿರುಳು ಕಾಯುವ ಬಂಧುಗಳ ಸಮೂಹವು ಅದು. ದಿನಕ್ಕೆರಡು ಬಾರಿ ಗಾಜಿನಾಚೆಯಿಂದ ನೋಡಿ ಹೋಗಿರೆಂದು ಅವರನ್ನು ಹೊರಗಿಡುವ ಬದಲು, ಕೈ ತೊಳೆಯಿಸಿ, ಏನು ಮುಟ್ಟಬಾರದೆಂದು ತಿಳಿಸಿ, ಒಬ್ಬರನ್ನಾದರೂ ಒಳಗೆ ಕೂರಿಸಿಕೊಂಡರೆ, ದಾದಿಯ ಭಾರವೂ ಹಗುರಾದೀತು.

ಒಳಗೆ ಹೋದ ಬಂಧುವು ಮಾಡತಕ್ಕ ಕೆಲಸಗಳು ಕಠಿಣವಾದವುಗಳಲ್ಲ. ರೋಗಿಯ ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ಟುಗಳನ್ನು ಮನೆಯಲ್ಲಿ ಜೋಪಾನ ಮಾಡದೆ ಆಸ್ಪತ್ರೆಗೆ ತರಬೇಕು. ಅವರು ನಿತ್ಯ ತೆಗೆದುಕೊಳ್ಳುತ್ತಿದ್ದ ನಿದ್ರೆಯ ಮಾತ್ರೆಯನ್ನೂ ಮದ್ಯ ಹೊಗೆಸೊಪ್ಪುಗಳನ್ನೂ, ಮೊದಲು ಮರೆವು ಇತ್ತೆ ಎಂಬುದನ್ನೂ ವೈದ್ಯರಿಗೆ ಹೇಳಬೇಕು. ಎದುರಿಗೆ ನಿಂತು, ಹೆಸರು ಹೇಳಿಕೊಂಡು, ಒಂದೊಂದೇ ಚಿಕ್ಕ ವಾಕ್ಯದಲ್ಲಿ, ಮನೆಯಲ್ಲಿ ಕರೆಯುವ ಹಾಗೆಯೇ ಕರೆದು ಮಾತನಾಡಬೇಕು: ‘ಅಪ್ಪಾ, ನಾನು ಸುಧಾ. ಇದು ಆಸ್ಪತ್ರೆ. ಇವತ್ತು ಗುರುವಾರ, ಬೆಳಗಿನ ಹತ್ತು ಗಂಟೆ. ಜ್ವರ ಇಳೀತಾ ಇದೆ.’ ಚಾವಣಿಯಲ್ಲಿ ಹುಳುಗಳಿವೆಯೆಂದರೆ ವಾದಕ್ಕಿಳಿಯಬಾರದು, ಹೌದೆಂದು ಒಪ್ಪಲೂಬಾರದು. ನನಗೆ ಕಾಣುತ್ತಿಲ್ಲ, ನಿಮಗೆ ಹೆದರಿಕೆಯಾಗಿದೆ, ನಾನು ಇಲ್ಲಿಯೇ ಇದ್ದೇನೆ ಎಂದರೆ ಸಾಕು. ನೆನಪಿದೆಯೇ ಎಂದು ಪ್ರಶ್ನೆಗಳ ಮಳೆಗರೆದು ದಣಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯ ಸ್ವಭಾವವನ್ನು ಬಲ್ಲವರು ಬಂಧುಗಳೇ ಆಗಿರುವುದರಿಂದ, ‘ಇವರು ಎಂದೂ ಹೀಗಿರಲಿಲ್ಲ, ನಿನ್ನೆಯಿಂದ ಬದಲಾಗಿದ್ದಾರೆ’ ಎಂಬ ಮಾತನ್ನು ಸಂಕೋಚಪಡದೆ ಹೇಳಬೇಕು. ಮೌನದ ಸನ್ನಿಯನ್ನು ವೈದ್ಯರಿಗೆ ಮೊದಲು ತೋರಿಸಿಕೊಡುವುದು ಎಷ್ಟೋ ಸಲ ಈ ಮಾತೇ.

ಸನ್ನಿ ಇಳಿದ ಮೇಲೆಯೂ ಅದರ ಋಣ ತೀರುವುದಿಲ್ಲ. ದೇಹದ ನಿಶ್ಶಕ್ತಿ, ಮರೆವು, ಖಿನ್ನತೆ, ದುಃಸ್ವಪ್ನಗಳು ಕೂಡಿದ ಅವಸ್ಥೆಯೊಂದನ್ನು ಐಸಿಯುವಿನಿಂದ ಬಂದವರಲ್ಲಿ ಗುರುತಿಸಿ ವೈದ್ಯರು 2012ರಿಂದೀಚೆಗೆ ಅದನ್ನು ಪ್ರತ್ಯೇಕ ಹೆಸರಿನಿಂದ ಕರೆಯುತ್ತಿದ್ದಾರೆ. ಅನೇಕರಿಗೆ ನಿಜವಾಗಿ ನಡೆದುದರ ನೆನಪಿರುವುದಿಲ್ಲ. ಭ್ರಾಂತಿಯಲ್ಲಿ ಕಂಡದ್ದು ಮಾತ್ರ ಅಚ್ಚೊತ್ತಿದಂತೆ ಉಳಿಯುತ್ತದೆ, ಮತ್ತು ಹುಚ್ಚನೆಂದಾರೆಂಬ ಭಯದಿಂದ ಅದನ್ನು ಅವರು ಯಾರೊಡನೆಯೂ ಆಡುವುದಿಲ್ಲ. ಸ್ಕ್ಯಾಂಡಿನೇವಿಯದ ದಾದಿಯರು ಇದಕ್ಕಾಗಿ ಒಂದು ಪದ್ಧತಿಯನ್ನು ಆರಂಭಿಸಿದರು: ರೋಗಿಯು ಪ್ರಜ್ಞೆಯಿಲ್ಲದಿದ್ದ ಪ್ರತಿದಿನವೂ ಏನು ನಡೆಯಿತೆಂದು ಸರಳ ಮಾತುಗಳಲ್ಲಿ ದಿನಚರಿ ಬರೆದಿಟ್ಟು, ಚೇತರಿಸಿದ ಮೇಲೆ ಅವನ ಕೈಗೆ ಕೊಡುವುದು. ಇದರ ಫಲದ ವಿಷಯದಲ್ಲಿ ಪ್ರಯೋಗಗಳೆಲ್ಲ ಒಂದೇ ಉತ್ತರ ಕೊಟ್ಟಿಲ್ಲವಾದರೂ, ಒಂದು ನೋಟುಬುಕ್ಕಿನ ಖರ್ಚಿನಲ್ಲಿ ಮನೆಯವರೇ ಬರೆಯಬಹುದಾದ ದಿನಚರಿಯಿಂದ ಕೆಡುಕಂತೂ ಇಲ್ಲ. ಸನ್ನಿಯಲ್ಲಿ ಆಡಿದ ಬೈಗುಳಗಳನ್ನು ಹಬ್ಬದ ಊಟದಲ್ಲಿ ನಗೆಯ ಪ್ರಸಂಗವಾಗಿ ಹೇಳುವ ರೂಢಿಯೊಂದನ್ನು ಮಾತ್ರ ಬಿಡಬೇಕು.

ಸನ್ನಿಯ ಪರೀಕ್ಷೆಗೆ ಬೇಕಾದದ್ದು ದಾದಿಯ ಕೈ ಮತ್ತು ಕೆಲವು ನಿಮಿಷ. ಅದರ ನಿವಾರಣೆಗೆ ಬೇಕಾದದ್ದು ಎಚ್ಚರ, ನಡಿಗೆ, ನಿದ್ರೆ, ಕನ್ನಡಕ ಮತ್ತು ಪರಿಚಿತ ದನಿ. ಅಗ್ಗವಾದುದರಿಂದಲೇ ಇವು ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ, ಬೆಲೆಪಟ್ಟಿಯಲ್ಲಿ ಕಾಣದುದರಿಂದಲೇ ಮರೆತುಹೋಗುತ್ತವೆ. ಆದಕಾರಣ ಇವುಗಳನ್ನು ನೆನಪಿಸುವ ಭಾರವು ಬಂಧುಗಳ ಮೇಲೆಯೂ ಇದೆ. ಐಸಿಯುವಿನ ವೈದ್ಯರು ದಿನದ ವಿವರ ಹೇಳಲು ಹೊರಗೆ ಬಂದಾಗ, ಬಿ.ಪಿ. ಎಷ್ಟು, ಆಮ್ಲಜನಕ ಎಷ್ಟು ಎಂದು ಕೇಳುವಂತೆಯೇ ಇನ್ನು ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಬಹುದು, ಕೇಳಬೇಕು: ಇಂದು ಸನ್ನಿಯ ಪರೀಕ್ಷೆ ಮಾಡಿದಿರಾ? ಮಂಪರಿನ ಮದ್ದನ್ನು ಇಂದು ಕಡಮೆ ಮಾಡಿ ನೋಡಬಹುದೆ? ಅವರನ್ನು ಎಂದು ಎಬ್ಬಿಸಿ ಕೂರಿಸುತ್ತೀರಿ?